ಅಕ್ಷರದ ಬೇಟೆ

ಇಂಗ್ಲಿಷ್ ನಿಘಂಟಿಗೆ ಬಾಗಿಲು ಒಂದೇ. ಶಬ್ದದ ಮೊದಲಕ್ಷರವನ್ನು ಬಲ್ಲವರಿಗೆ ಅದು ತೆರೆಯುವುದು. ತಲೆಯನ್ನರಿಯದೆ ಹೊಟ್ಟೆಯೊಳಗಿನ ಎರಡು ಮೂರು ಅಕ್ಷರಗಳನ್ನು ಮಾತ್ರ ಬಲ್ಲವರು ಹೊರಗೇ ನಿಲ್ಲಬೇಕು. ‘ಡಬ್ಲ್ಯು, ಕೆ, ಡಬ್ಲ್ಯು’ ಎಂಬ ಮೂರು ಅಕ್ಷರಗಳು ಒಂದರ ಮಗ್ಗುಲಲ್ಲೊಂದು ಬರುವ ಶಬ್ದ ಯಾವುದು? ನಮ್ಮ ಶ್ರೋತೃಗಳಲ್ಲಿ ಅದನ್ನು ಬಳಸದವರು ವಿರಳ. ಆದರೂ ಥಟ್ಟನೆ ಹೊಳೆಯದು. ‘ಆಕ್ವರ್ಡ್’ ಎಂದೊಡನೆ ‘ಅಹುದಲ್ಲಾ!’ ಎನ್ನುತ್ತೇವೆ. ಹಾಗೆಯೇ ‘ಎಚ್, ಕ್ಯೂ, ಯು’ ಎಂಬ ಅಕ್ಷರಗಳು ‘ಅರ್ತ್‌ಕ್ವೇಕ್’ ಶಬ್ದದಲ್ಲಿಯೂ, ‘ಎಕ್ಸ್, ಓ, ಪಿ’ ಎಂಬುವು ‘ಸ್ಯಾಕ್ಸೊಫೋನ್’ ಶಬ್ದದಲ್ಲಿಯೂ ಅಡಗಿವೆ.

ನಿತ್ಯವೂ ನಾಲಗೆಯ ಮೇಲಾಡುವ ಶಬ್ದ ಹೀಗೆ ಮರೆಯಾಗುವುದೇತಕ್ಕೆ? ಇಂಗ್ಲಿಷಿನಲ್ಲಿ ಅಕ್ಷರ ಬೇರೆ, ಧ್ವನಿ ಬೇರೆ. ಭೂಕಂಪವನ್ನು ಹೇಳುವ ಆ ಶಬ್ದದಲ್ಲಿ ‘ಎಚ್’ ತಾನಾಗಿ ಕೇಳಿಸುವುದೇ ಇಲ್ಲ. ‘ಟಿ’ಯೊಡನೆ ಕೂಡಿ ತನ್ನತನವನ್ನು ಕಳೆದುಕೊಂಡಿರುತ್ತದೆ. ಕಿವಿಯಿಂದ ಹುಡುಕುವವರಿಗೆ ಅದು ಸಿಕ್ಕುವುದೆಂತು? ನಮ್ಮ ಪೂರ್ವಿಕರ ಅಕ್ಷರಚಮತ್ಕಾರ ಬೇರೊಂದು ಬಗೆಯದು. ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತನು ಪ್ರಿಯೆಯ ದಂತಕ್ಷತದಿಂದ ತುಟಿ ನೊಂದಿದ್ದ ಕಾರಣ ತನ್ನ ಕಥೆಯನ್ನೆಲ್ಲ ಓಷ್ಠ್ಯಾಕ್ಷರಗಳಿಲ್ಲದೆ ಹೇಳುತ್ತಾನೆ. ಆ ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದ ‘ಕವಿರಾಜಮಾರ್ಗ’ವು ಕನ್ನಡಿಗರಿಗೆ ಹೊಸದಲ್ಲ. ಅಲ್ಲಿ ನಿಯಮವಿರುವುದು ಬಾಯಿಗೆ, ಕೇಳುತ್ತಲೇ ತಿಳಿಯಬಹುದು. ಇಂಗ್ಲಿಷಿನ ಆಟವಾದರೋ ಕಣ್ಣಿನದು. ಆದುದರಿಂದ ಕಾಗದ ಲೇಖನಿಗಳನ್ನು ಹತ್ತಿರ ಇರಿಸಿಕೊಂಡು ಕೇಳುವುದು ಲೇಸು.

ಈ ಬೇಟೆಯ ನಿಬಂಧನೆಗಳು ನಾನಾ ವಿಧ. ಟೈಪ್‌ರೈಟರಿನ ಅಕ್ಷರಸಾಲುಗಳಲ್ಲಿ ಮೇಲಿನ ಒಂದರಿಂದಲೇ ಹತ್ತಕ್ಷರದ ಶಬ್ದವನ್ನು ರಚಿಸಬೇಕೆಂದರೆ, ‘ಟೈಪ್‌ರೈಟರ್’ ಎಂಬ ಆ ಯಂತ್ರದ ಹೆಸರೇ ದೊರೆಯುತ್ತದೆ. ‘ಪ್ರೊಪ್ರೈಟರ್’, ‘ಪರ್ಪೆಚುಯಿಟಿ’ಗಳೂ ಅಲ್ಲಿಯೇ ಉಂಟು. ಐದು ಸ್ವರಾಕ್ಷರಗಳೂ ವರ್ಣಮಾಲೆಯ ಕ್ರಮದಲ್ಲಿ ಒಂದೊಂದೇ ಸಲ ಬರಬೇಕೆಂದರೆ ‘ಫೆಸೀಷಸ್’, ‘ಆಬ್‌ಸ್ಟೀಮಿಯಸ್’. ಅದೇ ಐದು ಹಿಂದುಮುಂದಾಗಿ ಬರಬೇಕೆಂದರೆ ‘ಸಬ್‌ಕಾಂಟಿನೆಂಟಲ್’! ನಮ್ಮ ಉಪಖಂಡವನ್ನು ಕುರಿತ ಶಬ್ದದಲ್ಲಿಯೇ ಸ್ವರಗಳು ತಲೆಕೆಳಗಾಗಿ ನಡೆದಿರುವುದನ್ನು ಕಂಡು ನಾವು ಬಹಳವಾಗಿ ನಕ್ಕಿದ್ದೇವೆ. ಒಂದಕ್ಷರವೂ ಮರಳಿ ಬಾರದ ಹದಿನೈದಕ್ಷರದ ಶಬ್ದ ಬೇಕೆಂದರೆ, ಗ್ರಂಥಸ್ವಾಮ್ಯಕ್ಕೆ ಒಳಪಡದುದು ಎಂಬರ್ಥದ ‘ಅನ್‌ಕಾಪಿರೈಟಬಲ್’ ಇದೆ. ಬೆರಳಿನ ರೇಖೆಗಳ ಶಾಸ್ತ್ರಕ್ಕೆ 1926ರಲ್ಲಿ ಇಟ್ಟ ‘ಡರ್ಮಟೊಗ್ಲಿಫಿಕ್ಸ್’ ಎಂಬ ಹೆಸರೂ ಅಷ್ಟೇ ಉದ್ದ, ಅಷ್ಟೇ ನಿರ್ದುಷ್ಟ.

ಬೇಟೆಗಾರನ ಉಪಾಯವೂ ಉಂಟು. ಶಬ್ದದ ಬಾಲವನ್ನು ಹಿಡಿಯಬೇಕು. ‘ಇ’ ಹೊರತು ಬೇರೆ ಸ್ವರವಿಲ್ಲದ ಉದ್ದ ಶಬ್ದ ಬೇಕಾಗಿದೆಯೆನ್ನಿ. ‘ಲೆಸ್’, ‘ನೆಸ್’ ಎಂಬ ಪ್ರತ್ಯಯಗಳೆರಡರಲ್ಲಿಯೂ ‘ಇ’ ಒಂದೇ ಸ್ವರ. ಇವನ್ನು ಮೊದಲೇ ಜೋಡಿಸಿಟ್ಟುಕೊಂಡರೆ ಎಂಟಕ್ಷರಗಳು ಪುಕ್ಕಟೆಯಾಗಿ ಬಂದಂತಾಯಿತು. ಅದರ ಮುಂದೆ ‘ಸ್ಟ್ರೆಂಗ್ತ್’ ಎಂಬುದನ್ನು ಹೂಡಿದರೆ ‘ಸ್ಟ್ರೆಂಗ್ತ್‌ಲೆಸ್‌ನೆಸ್’: ಹದಿನಾರಕ್ಷರ. ಇಂದಿನ ಗಣಕಯಂತ್ರವು ನಿಘಂಟನ್ನೆಲ್ಲ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಶೋಧಿಸಿ ಇದನ್ನು ಮುಂದಿಡುವುದು, ನಿಜ. ಬೇಟೆಯನ್ನು ಅಂಗಡಿಯಲ್ಲಿ ಕೊಂಡಂತಾಯಿತು, ಅಷ್ಟೆ.

‘ಇ’ ಎಂಬ ಈ ಅಕ್ಷರ ಇಂಗ್ಲಿಷಿನ ಉಪ್ಪು. ಮೋರ್ಸ್ ತಂತೀಸಂಕೇತವನ್ನು ರೂಪಿಸುವಾಗ ಅಚ್ಚುಕೂಟದಲ್ಲಿದ್ದ ಮೊಳೆಗಳ ಎಣಿಕೆಯಿಂದ ಯಾವ ಅಕ್ಷರ ಹೆಚ್ಚು ಬಳಕೆಯದೆಂದು ಗೊತ್ತುಮಾಡಿಕೊಂಡರು. ‘ಇ’ಗೆ ಒಂದೇ ಚುಕ್ಕೆ ಸಂದಿತು. ಈ ಉಪ್ಪನ್ನು ಬಿಟ್ಟು ಅಡಿಗೆ ಮಾಡಲು ಹೊರಟ ಸಾಹಸಿ ಅಮೆರಿಕದ ಅರ್ನೆಸ್ಟ್ ವಿನ್ಸೆಂಟ್ ರೈಟ್. 1939ರಲ್ಲಿ ಪ್ರಕಟವಾದ ಆತನ ‘ಗ್ಯಾಡ್ಸ್‌ಬಿ’ ಎಂಬ ಕಾದಂಬರಿಯಲ್ಲಿ 50,000ಕ್ಕೂ ಮೇಲ್ಪಟ್ಟು ಶಬ್ದಗಳಿವೆ, ‘ಇ’ ಇಲ್ಲ. ಮರೆವಿನಿಂದ ಬೆರಳು ತಾಗೀತೆಂದು ಟೈಪ್‌ರೈಟರಿನ ಆ ಕೀಲಿಯನ್ನು ಆತ ಕಟ್ಟಿಹಾಕಿದ್ದನಂತೆ. ಕಷ್ಟವನ್ನು ನೋಡಿರಿ: ‘ದಿ’ ಎನ್ನುವಂತಿಲ್ಲ, ‘ಹೀ’, ‘ಶೀ’, ‘ದೇ’ಗಳೆಲ್ಲ ನಿಷಿದ್ಧ, ಭೂತಕಾಲದ ಸಾಮಾನ್ಯ ಪ್ರತ್ಯಯವೂ ಇಲ್ಲ. ಆರರಿಂದ ಮುಂದೆ ಮೂವತ್ತರವರೆಗೆ ಯಾವ ಸಂಖ್ಯೆಯ ಹೆಸರೂ ಒದಗದು. ಕಥೆಯ ರಸ ಸಾಧಾರಣವೆಂದೇ ನಮ್ಮ ಅಭಿಪ್ರಾಯ. ಛಲ ಮಾತ್ರ ಅಸಾಧಾರಣ.

ಇದೆಲ್ಲ ಕೆಲಸವಿಲ್ಲದವರ ಕಾಲಕ್ಷೇಪವೆಂದು ಹೇಳುವವರಿದ್ದಾರೆ. ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕಿನಲ್ಲಿ ನಡೆದುದನ್ನು ಕೇಳಬೇಕು. ಶತ್ರುಗಳ ಎನಿಗ್ಮಾ ಎಂಬ ಗೂಢಲಿಪಿ ಯಂತ್ರ ಮಹಾ ಜಟಿಲ. ಆದರೆ ಅದರಲ್ಲಿ ಒಂದು ಲೋಪವಿತ್ತು: ಯಾವ ಅಕ್ಷರವನ್ನು ಒತ್ತಿದರೂ ಆ ಅಕ್ಷರವೇ ಮರಳಿ ಬಾರದು. ಆದುದರಿಂದ ಸಂದೇಶದಲ್ಲಿ ಇರಬಹುದಾದ ದೀರ್ಘ ವಾಕ್ಯಖಂಡವೊಂದನ್ನು ಊಹಿಸಿ, ಗೂಢಲಿಪಿಯ ಕೆಳಗೆ ಜರುಗಿಸುತ್ತ ಹೋಗುವರು. ಎಲ್ಲಿ ಮೇಲಿನ ಅಕ್ಷರವೂ ಕೆಳಗಿನದೂ ಒಂದೇ ಆಯಿತೋ, ಆ ಸ್ಥಾನ ಸಲ್ಲದೆಂದು ತಳ್ಳುವರು. ಉದ್ದವಾದಷ್ಟೂ ಊಹೆಗೆ ಬಲ. ಇತ್ತ ಶಬ್ದವ್ಯೂಹಗಳನ್ನು ಬಿಡಿಸುವವರಲ್ಲಿ ಇದಕ್ಕೆ ತಕ್ಕ ಬುದ್ಧಿ ಇದ್ದೀತೆಂಬ ಎಣಿಕೆಯೂ ಹುಟ್ಟಿತು. 1942ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆ ತನ್ನ ಶಬ್ದವ್ಯೂಹವನ್ನು 12 ನಿಮಿಷಗಳಲ್ಲಿ ಬಿಡಿಸುವ ಸ್ಪರ್ಧೆ ನಡೆಸಿತು; ಸ್ಪರ್ಧಿಗಳಲ್ಲಿ ಕೆಲವರಿಗೆ ತರುವಾಯ ಈ ರಹಸ್ಯಕಾರ್ಯಕ್ಕೆ ಕರೆ ಬಂದಿತು.

ಅಲ್ಲಿ ಮೇವಿಸ್ ಲೀವರ್ ಎಂಬ ತರುಣಿ ಇದ್ದಳು. ಒಮ್ಮೆ ಇಟಲಿಯವರ ಉದ್ದವಾದ ಸಂದೇಶವೊಂದು ಆಕೆಯ ಕೈಗೆ ಬಂದಿತು. ಉಳಿದವರು ಇರುವ ಅಕ್ಷರಗಳನ್ನು ನೋಡುವಲ್ಲಿ ಆಕೆ ಇಲ್ಲದುದನ್ನು ನೋಡಿದಳು: ಇಡೀ ಸಂದೇಶದಲ್ಲಿ ಒಂದು ‘ಎಲ್’ ಕೂಡ ಇರಲಿಲ್ಲ. ಯಂತ್ರವು ಒತ್ತಿದ ಅಕ್ಷರವನ್ನು ಮರಳಿ ಕೊಡದಷ್ಟೆ? ಹಾಗಾದರೆ ಒತ್ತಿದುದೆಲ್ಲವೂ ‘ಎಲ್’ ಆಗಿರಬೇಕು! ಬರಿಯ ಪರೀಕ್ಷಾರ್ಥವಾಗಿ ಏನನ್ನಾದರೂ ಕಳುಹಿಸೆಂದಾಗ, ಬೇಸರಗೊಂಡ ಸಿಬ್ಬಂದಿಯೊಬ್ಬನು ಸಾಲಿನ ಕೊನೆಯಲ್ಲಿದ್ದ ಆ ಒಂದೇ ಕೀಲಿಯನ್ನು ಒತ್ತುತ್ತ ಕುಳಿತಿದ್ದನು. ಅವನ ಆಲಸ್ಯವು ಯಂತ್ರದ ಒಳರಚನೆಯನ್ನರಿಯಲು ದಾರಿಯಾಯಿತು. ಆಕೆಯಿದ್ದ ತಂಡವೇ ಬಿಡಿಸಿದ ಸಂದೇಶಗಳ ನೆರವಿನಿಂದ 1941ರ ಮಾರ್ಚಿಯಲ್ಲಿ ಬ್ರಿಟಿಷ್ ನೌಕಾಬಲ ಇಟಲಿಯ ಹಡಗುಗಳನ್ನು ಮಾಟಪಾನ್ ಭೂಶಿರದ ಬಳಿ ಅಡ್ಡಗಟ್ಟಿತು. ಇಟಲಿಯ ಮೂರು ಕ್ರೂಸರುಗಳೂ ಎರಡು ಡಿಸ್ಟ್ರಾಯರುಗಳೂ ಮುಳುಗಿದುವು. 2,000ಕ್ಕೂ ಹೆಚ್ಚು ನಾವಿಕರು ಮಡಿದರು. ಅಕ್ಷರಗಳನ್ನು ಹುಡುಕುವ ಕೆಲಸ ಅಲ್ಲಿ ವಿನೋದವಾಗಿ ಉಳಿದಿರಲಿಲ್ಲ.

ಮನೆಯಲ್ಲಿ ಅದು ವಿನೋದವಾಗಿಯೇ ಇರಲಿ. ಇಂದಿನ ರಾತ್ರಿಯ ಊಟದ ಹೊತ್ತಿಗೆ ಒಂದು ಪ್ರಶ್ನೆಯನ್ನು ಬಿಟ್ಟುಹೋಗುತ್ತೇವೆ. ಒಂದರಿಂದ ಮೊದಲುಮಾಡಿ ಇಂಗ್ಲಿಷಿನಲ್ಲಿ ಸಂಖ್ಯೆಗಳ ಹೆಸರನ್ನು ಕ್ರಮವಾಗಿ ಬರೆಯುತ್ತ ಹೋಗಿರಿ. ನಡುವೆ ‘ಆಂಡ್’ ಎಂಬ ಕೊಂಡಿಪದವನ್ನು ಸೇರಿಸಬೇಡಿ. ವರ್ಣಮಾಲೆಯ ಮೊದಲನೆಯ ಅಕ್ಷರವಾದ ‘ಎ’ ಮೊಟ್ಟಮೊದಲು ಯಾವ ಸಂಖ್ಯೆಯಲ್ಲಿ ಕಾಣಿಸುತ್ತದೆ? ನೂರರಲ್ಲಿಯೂ ಇಲ್ಲವೆಂದು ಕೈಬಿಡಬೇಡಿ; ದಾರಿ ಇನ್ನೂ ಸ್ವಲ್ಪ ದೂರ ಇದೆ.