ಎಂಜಿನ್ನಿನ ಟಿಕ್ ಟಿಕ್

ಕಾರು ಇರುವ ಮನೆಯವರ ಕಿವಿ ಅದರ ಸದ್ದಿಗೆ ಒಗ್ಗಿಹೋಗಿರುತ್ತದೆ. ಬೀದಿಯ ತಿರುವಿನಲ್ಲಿ ಬರುವಾಗಲೇ ಅದು ನಮ್ಮ ಗಾಡಿ ಎಂದು ಅಡುಗೆಮನೆಯಲ್ಲಿರುವವರೂ ಹೇಳಬಲ್ಲರು. ಹಾಗೆ ಒಗ್ಗಿದ ಸದ್ದಿನಲ್ಲಿ ಒಂದು ದಿನ, ಯಾರೋ ಗಡಿಯಾರವೊಂದನ್ನು ಬಾನೆಟ್ಟಿನೊಳಗೆ ಇಟ್ಟು ಮುಚ್ಚಿದಂತೆ, ಟಿಕ್ ಟಿಕ್ ಎಂಬ ಹೊಸ ದನಿ ಸೇರಿಕೊಂಡರೆ ಏನು ಮಾಡಬೇಕು? ಕೆಲವರು ಕಾರಿನ ರೇಡಿಯೋವನ್ನು ಸ್ವಲ್ಪ ಜೋರು ಮಾಡುತ್ತಾರೆ. ಮತ್ತೆ ಕೆಲವರು ನೇರವಾಗಿ ಗ್ಯಾರೇಜಿಗೆ ಹೋಗಿ, “ಏನೋ ಸದ್ದು ಬರುತ್ತಿದೆ, ನೋಡಪ್ಪಾ” ಎಂದು ಬೀಗದ ಕೈ ಕೊಟ್ಟು ಬರುತ್ತಾರೆ. ಎರಡೂ ದುಬಾರಿಯ ದಾರಿಗಳೇ. ಮೊದಲನೆಯದರಲ್ಲಿ ಎಂಜಿನ್ನು ಹೋಗಬಹುದು. ಎರಡನೆಯದರಲ್ಲಿ ಆ “ಏನೋ” ಎಂಬ ಒಂದು ಮಾತಿಗಾಗಿಯೇ ಸಾವಿರಾರು ರೂಪಾಯಿ ಹೋಗಬಹುದು.

ಕನ್ನಡ ಪಂಡಿತನಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದವು ದೇಹದ ಯಾವ ಎಡೆಯಲ್ಲಿ ಹುಟ್ಟುತ್ತದೆ ಎಂಬುದನ್ನೂ ವಿಚಾರಿಸಿದ್ದಾನೆ. ಸದ್ದನ್ನು ಕೇಳಿ ಅದರ ಸ್ಥಾನವನ್ನು ಹುಡುಕುವ ಅಭ್ಯಾಸ ನಮ್ಮ ಕಸುಬಿನವರಿಗೆ ಇರುವುದೇ. ಅದೂ ಅಲ್ಲದೆ ನಮ್ಮ ಭಾಷೆಯಲ್ಲಿ ಅನುಕರಣ ಶಬ್ದಗಳಿಗೆ ಬರವಿಲ್ಲ. ಟಿಕ್ ಟಿಕ್ ಬೇರೆ, ಡಬ ಡಬ ಬೇರೆ, ಚಟ್ ಚಟ್ ಬೇರೆ, ಪುಸ್ ಪುಸ್ ಬೇರೆ. ಎಂಜಿನ್ನಿನಲ್ಲಿ ಇವು ನಾಲ್ಕೂ ನಾಲ್ಕು ರೋಗಗಳು.

ಸದ್ದನ್ನು ಹುಡುಕುವ ಮೊದಲು ಎಣ್ಣೆಯನ್ನು ನೋಡಿರಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ಎಣ್ಣೆ ಕೆಳಗಿಳಿಯಲು ಕೆಲವು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಪೂರ್ತಿ ತೂರಿಸಿ ಎಳೆಯಿರಿ. ಕೆಳಗಿನ ಗುರುತಿಗಿಂತ ಎಣ್ಣೆ ಕೆಳಗಿದ್ದರೆ ಬೇರೆ ಸಂಶೋಧನೆ ಬೇಡ. ಎಣ್ಣೆ ತುಂಬಿಸುವ ತನಕ ಎಂಜಿನ್ನು ಚಾಲೂ ಮಾಡಬೇಡಿ. ಓಡುತ್ತಿರುವಾಗ ಎಣ್ಣೆಯ ಕೆಂಪು ದೀಪ ಹತ್ತಿತೆಂದರೆ, “ಊರು ಇನ್ನು ಎರಡೇ ಮೈಲಿ” ಎನ್ನದೆ ಅಲ್ಲಿಯೇ ಪಕ್ಕಕ್ಕೆ ನಿಲ್ಲಿಸಬೇಕು. ಎಣ್ಣೆಯ ಒತ್ತಡವಿಲ್ಲದ ಎಂಜಿನ್ನಿನ ಬೇರಿಂಗು ಕೆಡುವುದಕ್ಕೆ ಎರಡು ಮೈಲಿ ಧಾರಾಳವಾಗಿ ಸಾಕು.

ಎಣ್ಣೆ ಸರಿಯಾಗಿದೆ, ಸದ್ದು ಮಾತ್ರ ಇದೆ ಎನ್ನೋಣ. ಹಳೆಯ ಅಂಬಾಸಿಡರ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದರ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಅದನ್ನು ಮನೆಯ ಹಿರಿಯರಂತೆ ಸಾಕಿಕೊಂಡು ಬಂದವರು ನಮ್ಮ ಊರುಗಳಲ್ಲಿ ಇದ್ದಾರೆ. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರು, ಎಂಟು ವಾಲ್ವು. ಕೆಳಗೆ ಕ್ಯಾಮ್ ದಂಡ ತಿರುಗುತ್ತದೆ; ಅದು ಟ್ಯಾಪೆಟ್ಟನ್ನು ಎತ್ತುತ್ತದೆ; ಟ್ಯಾಪೆಟ್ಟು ಉದ್ದನೆಯ ಸಲಾಕೆಯನ್ನು ಎತ್ತುತ್ತದೆ; ಸಲಾಕೆ ಮೇಲಿನ ರಾಕರಿನ ಒಂದು ತುದಿಯನ್ನೆತ್ತಿದರೆ, ಏತದ ಮರದಂತೆ, ಇನ್ನೊಂದು ತುದಿ ತಗ್ಗಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಕಾದ ಲೋಹ ಹಿಗ್ಗುವುದರಿಂದ, ರಾಕರಿಗೂ ವಾಲ್ವಿನ ತಲೆಗೂ ನಡುವೆ ಒಂದು ಕೂದಲೆಳೆಯ ಸಂದು ಬಿಟ್ಟಿರುತ್ತಾರೆ. ಈ ಎಂಜಿನ್ನಿಗೆ ಅದು ಅಂಗುಲದ ಸಾವಿರದಲ್ಲಿ 15 ಭಾಗ, ಎಂದರೆ 0.38 ಮಿಲಿಮೀಟರು. ಸವೆದು ಸವೆದು ಸಂದು ಹೆಚ್ಚಿತೆಂದರೆ ರಾಕರು ವಾಲ್ವನ್ನು ಒತ್ತುವ ಮೊದಲು ಹೊಡೆಯುತ್ತದೆ. ಟಿಕ್ ಎನ್ನುವುದು ಆ ಹೊಡೆತವೇ.

ಇಲ್ಲಿ ತಾಳದ ಲೆಕ್ಕವೊಂದಿದೆ. ಎಂಜಿನ್ನಿನ ಮುಖ್ಯ ದಂಡ ಎರಡು ಸುತ್ತು ಬಂದರೆ ಕ್ಯಾಮ್ ದಂಡ ಒಂದು ಸುತ್ತು. ನಿಂತ ಗಾಡಿಯ ಎಂಜಿನ್ನು ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವಿನ ಸದ್ದು 300 ಸಲ, ಎಂದರೆ ಸೆಕೆಂಡಿಗೆ ಐದು. ಸಂಗೀತ ಕೇಳಿ ಬಲ್ಲ ಕಿವಿ ಐದನ್ನು ಬಿಡಿಬಿಡಿಯಾಗಿ ಹಿಡಿಯುತ್ತದೆ. ಸದ್ದು ಪ್ರತಿ ಸುತ್ತಿಗೂ ಬಂದು, ಸೆಕೆಂಡಿಗೆ ಹತ್ತಾಗಿ ಒಂದರ ಬೆನ್ನಿಗೆ ಒಂದು ಉರುಳುತ್ತಿದ್ದರೆ, ವಾಲ್ವನ್ನು ಬಿಟ್ಟು ಮುಖ್ಯ ದಂಡದ ಕಡೆಗೆ, ಅಥವಾ ಅದರೊಡನೆ ತಿರುಗುವ ಪುಲ್ಲಿಯ ಕಡೆಗೆ ನೋಡಬೇಕು. ಹಲವು ವಾಲ್ವುಗಳು ಒಟ್ಟಿಗೆ ಸಡಿಲವಾಗಿದ್ದರೆ ಮಾತ್ರ ಈ ಲೆಕ್ಕ ಕಲಸಿಹೋಗುತ್ತದೆ.

ಸ್ಥಳ ಹಿಡಿಯುವುದಕ್ಕೆ ಉದ್ದನೆಯ ಸ್ಕ್ರೂಡ್ರೈವರು ಸಾಕು. ತುದಿಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಯ ಬಳಿ ಎಲುಬಿಗೆ ಆನಿಸಿದರೆ ವೈದ್ಯರ ಕೊಳವೆಯಂತೆ ಕೆಲಸ ಮಾಡುತ್ತದೆ. ಫ್ಯಾನು ತಿರುಗುತ್ತಿರುತ್ತದೆ, ಟವೆಲು, ಸೆರಗು, ಸಡಿಲ ತೋಳುಗಳು ದೂರವಿರಲಿ.

ನನಗೆ ಪರಿಚಿತರಾದ ನಿವೃತ್ತ ತಹಶೀಲ್ದಾರರೊಬ್ಬರ ಗಾಡಿಯಲ್ಲಿ ಇಂಥದೇ ಸದ್ದು ಕಾಣಿಸಿಕೊಂಡಿತು. ಗ್ಯಾರೇಜೊಂದರಲ್ಲಿ ಎಂಜಿನ್ನು ಬಿಚ್ಚಲೇಬೇಕೆಂದರು. ಮಗಳ ಮದುವೆಗೆ ಹದಿನೈದು ದಿನ ಉಳಿದಿತ್ತು. ವಯಸ್ಸಾದ ಮೇಸ್ತ್ರಿಯೊಬ್ಬರು ಬಂದು, ಏನನ್ನೂ ಬಿಚ್ಚದೆ, “ಸ್ವಾಮೀ, ಇದು ಬೆಳಿಗ್ಗೆ ಹೆಚ್ಚೋ, ಮಧ್ಯಾಹ್ನ ಹೆಚ್ಚೋ?” ಎಂದು ಕೇಳಿದರು. ಬೆಳಿಗ್ಗೆ ಹೆಚ್ಚು, ಬಿಸಿಯಾದರೆ ಕಡಿಮೆ ಎಂದರು ಇವರು. “ಏರಿನಲ್ಲಿ?” ಏರಿನಲ್ಲಿ ಜೋರು. ಮೇಸ್ತ್ರಿ ಬಗ್ಗಿ ನೋಡಿದರೆ, ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನ ಬಳಿ ಕಾಡಿಗೆಯಂಥ ಮಸಿ. ಸಂದಿನಿಂದ ನುಗ್ಗುವ ಹೊಗೆಯೇ ಟಿಕ್ ಎನ್ನುತ್ತಿತ್ತು; ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿ ಸುಮ್ಮನಾಗುತ್ತಿತ್ತು. ಒಂದು ಗ್ಯಾಸ್ಕೆಟ್ಟಿನಲ್ಲಿ ಮುಗಿಯಿತು. ಸಡಿಲವಾದ ಸ್ಪಾರ್ಕ್ ಪ್ಲಗ್ಗೂ ಇದೇ ಜಾತಿಯ ಸದ್ದು ಮಾಡುತ್ತದೆ. ಬುಡಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟರೆ ಗುಳ್ಳೆಗಳು ಏಳುತ್ತವೆ. ಪ್ಲಗ್ಗಿನ ತಂತಿ ಸೀಳಿ ಕಿಡಿ ಹಾರುತ್ತಿದ್ದರೆ ಚಟ್ ಚಟ್ ಎಂಬುದು ಕತ್ತಲಲ್ಲಿ ನೀಲಿಯಾಗಿ ಕಣ್ಣಿಗೇ ಕಾಣುತ್ತದೆ. ಅದನ್ನು ಮಾತ್ರ ಕೈಯಿಂದ ಮುಟ್ಟಬಾರದು.

ಟ್ಯಾಪೆಟ್ಟೇ ಎಂದು ಖಚಿತವಾದರೆ ಸಂದು ಸರಿಪಡಿಸುವುದು ಅರ್ಧ ದಿನದ ಕೆಲಸ. ಈ ಎಂಜಿನ್ನಿಗೆ ಒಂಬತ್ತರ ಲೆಕ್ಕವೆಂದು ಒಂದು ಸೊಗಸಾದ ಸೂತ್ರವಿದೆ. ವಾಲ್ವುಗಳನ್ನು ಮುಂದಿನಿಂದ ಎಣಿಸಿ, 8ನೆಯದು ಪೂರ್ತಿ ತೆರೆದಾಗ 1ನೆಯದನ್ನು ಅಳೆಯಬೇಕು. 6 ತೆರೆದಾಗ 3. 4 ತೆರೆದಾಗ 5. ಯಾವುದಾದರೂ ಕೂಡಿದರೆ ಒಂಬತ್ತು. ನಮ್ಮ ಸಂಧಿಸೂತ್ರಗಳಿಗೂ ಇಷ್ಟು ಅಚ್ಚುಕಟ್ಟು ಇಲ್ಲ. ಎಂಜಿನ್ನು ತಣ್ಣಗಿರುವಾಗ ಅಳೆಯಬೇಕೋ ಬಿಸಿಯಿರುವಾಗಲೋ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ಫೀಲರ್ ಗೇಜಿನಲ್ಲಿ ಅಳತೆ ಸರಿಬಂದರೂ ಸದ್ದು ಹೋಗದಿದ್ದರೆ, ರಾಕರಿನ ಮುಖ ಸವೆದು ಗುಳಿ ಬಿದ್ದಿರಬಹುದು. ಚಪ್ಪಟೆ ಗೇಜು ಗುಳಿಯ ಮೇಲೆ ಸೇತುವೆಯಂತೆ ನಿಂತು ಸುಳ್ಳು ಹೇಳುತ್ತದೆ.

ಸದ್ದು ಅಡಗಲೆಂದು ಸಂದನ್ನು ಬೇಕಾದುದಕ್ಕಿಂತ ಬಿಗಿ ಮಾಡಿಕೊಡುವ ಮೇಸ್ತ್ರಿಗಳಿದ್ದಾರೆ. ಅದನ್ನು ಕೇಳಿ ಸಂತೋಷಪಡುವ ಮಾಲೀಕರೂ ಇದ್ದಾರೆ. ಇದಕ್ಕಿಂತ ಕೆಟ್ಟ ಉಪಕಾರ ಮತ್ತೊಂದಿಲ್ಲ. ಹೊಗೆಯ ವಾಲ್ವು ತನ್ನ ಪೀಠದ ಮೇಲೆ ಕುಳಿತಾಗಲೇ ಅದರ ಕಾವು ಇಳಿಯುವುದು. ಸಂದಿಲ್ಲದೆ ಅದು ಪೂರ್ತಿ ಕೂರದಿದ್ದರೆ ಬೆಂಕಿಯಂಥ ಅನಿಲ ಅಂಚಿನಲ್ಲಿ ಸೋರಿ ಅಂಚನ್ನೇ ಸುಡುತ್ತದೆ. ಸ್ವಲ್ಪ ಟಿಕ್ ಎನ್ನುವ ಟ್ಯಾಪೆಟ್ಟು ಬಹುಕಾಲ ಬಾಳೀತು. ಮೌನವಾಗಿರುವ ಬಿಗಿ ಟ್ಯಾಪೆಟ್ಟು ವಾಲ್ವನ್ನು ತಿಂದೀತು.

ಭಾರ ಎಳೆಯುವಾಗ ಆಳದಿಂದ ಡಬ ಡಬ ಎಂದರೆ ಅದು ಈ ವರ್ಗದ್ದಲ್ಲ. ಹಳೆಯ ಗಾಡಿಗಳಲ್ಲಿ ಮೇಸ್ತ್ರಿ ಒಂದೊಂದೇ ಪ್ಲಗ್ಗಿನ ಕಿಡಿಯನ್ನು ತಪ್ಪಿಸಿ ನೋಡುತ್ತಾನೆ. ಒಂದನ್ನು ತಪ್ಪಿಸಿದಾಗ ಸದ್ದು ಕುಗ್ಗಿದರೆ ಆ ಸಿಲಿಂಡರಿನ ಬೇರಿಂಗು ಸವೆದಿದೆ. ಟ್ಯಾಪೆಟ್ಟಿನ ಸದ್ದಾದರೆ ಇದರಿಂದ ಬದಲಾಗದು. ಅಲ್ಲಿ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಲೇಸು.

1983ರ ಕೊನೆಯಲ್ಲಿ ಬಂದ ಮಾರುತಿ 800ರಲ್ಲಿ ಕ್ಯಾಮ್ ದಂಡವೇ ಮೇಲಕ್ಕೆ ಏರಿತು. ಸಲಾಕೆ ಹೋಯಿತು, ಸಂದು ಉಳಿಯಿತು. ಈಗಿನ ಅನೇಕ ಎಂಜಿನ್ನುಗಳಲ್ಲಿ ಎಣ್ಣೆಯ ಒತ್ತಡವೇ ಆ ಸಂದನ್ನು ತುಂಬುತ್ತದೆ. ಬೆಳಗಿನ ಮೊದಲ ಕೆಲವು ಸೆಕೆಂಡು ಅವು ಟಿಕ್ ಎಂದು ಸುಮ್ಮನಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಕಾದ ಮೇಲೂ ನಿಲ್ಲದಿದ್ದರೆ ಎಣ್ಣೆಯ ಮಟ್ಟವನ್ನೂ ದರ್ಜೆಯನ್ನೂ ನೋಡಬೇಕು. ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಟರುಗಳಂತೂ ಹೊಸ ಗಾಡಿಯಲ್ಲಿಯೂ ಸಣ್ಣಗೆ, ಸಮವಾಗಿ ಟಿಕ್ ಟಿಕ್ ಎನ್ನುತ್ತಲೇ ಇರುತ್ತವೆ. ಗಾಡಿ ಕೊಂಡ ಮೊದಲ ವಾರದಲ್ಲಿಯೇ ಒಮ್ಮೆ ಬಾನೆಟ್ಟು ಎತ್ತಿ, ಬೆಳಿಗ್ಗೆ ಒಂದು ಸಲ, ಓಡಿ ಬಂದ ಮೇಲೆ ಒಂದು ಸಲ, ಆ ಸದ್ದನ್ನು ಕೇಳಿಟ್ಟುಕೊಳ್ಳಿ.