ನೋಯಿಸಿದವರಿಗಾಗಿ ಪ್ರಾರ್ಥನೆ



ಮುಧೋಳವೆಂದೊಡನೆ ನೆನಪಾಗುವವನು ಕವಿ ರನ್ನ. ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅವಮಾನಕ್ಕೆ ಭೀಮ ಸೇಡು ತೀರಿಸಿಕೊಳ್ಳುವ ಕಥೆಯೇ ಆತನ ‘ಗದಾಯುದ್ಧ’. ಇದೇ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದು ಗಲ್ಲಿಗೇರಿದ್ದನ್ನು ಲಾವಣಿಗಳು ಉಳಿಸಿಕೊಂಡಿವೆ. ಆದ ನೋವನ್ನು ಸುಲಭವಾಗಿ ಮರೆಯುವ ಸೀಮೆ ಇದಲ್ಲ. ಇಲ್ಲಿ ನಿಂತು, ನೋಯಿಸಿದವರನ್ನು ಕ್ಷಮಿಸಬೇಕು, ಅವರಿಗಾಗಿ ಪ್ರಾರ್ಥಿಸಬೇಕು ಎಂಬ ಕ್ರೈಸ್ತ ಬೋಧನೆಯನ್ನು ಕೇಳಿದರೆ ಅದು ಕೈಲಾಗದವರ ಮಾತು ಎನಿಸಬಹುದು. ನಿಜವಾಗಿಯೂ ಹಾಗೆಯೇ?

ಈ ಬೋಧನೆ ಜಿಲ್ಲೆಗೆ ಹೊಸತೇನಲ್ಲ. ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ ಕೇಂದ್ರ 19ನೇ ಶತಮಾನದ ನಡುಭಾಗದಲ್ಲೇ ನೆಲೆಯೂರಿತ್ತು. ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕೆಂದು ಯೇಸು ಬೆಟ್ಟದ ಮೇಲೆ ಬೋಧಿಸಿದ್ದನ್ನು ಮತ್ತಾಯನ ಸುವಾರ್ತೆ ಹೇಳುತ್ತದೆ. ತನ್ನನ್ನು ಶಿಲುಬೆಗೇರಿಸಿದವರಿಗೂ ಆತ ಕ್ಷಮೆ ಬೇಡಿದನೆಂದು ಲೂಕನ ಸುವಾರ್ತೆ ತಿಳಿಸುತ್ತದೆ. ಕ್ರೈಸ್ತರು ದಿನನಿತ್ಯ ಹೇಳುವ ಪ್ರಾರ್ಥನೆಯಲ್ಲಿ, ತಾವು ಪರರನ್ನು ಕ್ಷಮಿಸುವುದಕ್ಕೂ ದೇವರು ತಮ್ಮನ್ನು ಕ್ಷಮಿಸುವುದಕ್ಕೂ ಗಂಟು ಹಾಕಲಾಗಿದೆ.

ಇದು ಬದುಕಿನಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರವಿದೆ. ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರ ಗ್ರಾಮದಲ್ಲಿ ವಾಹನದೊಳಗೆ ಮಲಗಿದ್ದ ಅವರನ್ನು, ಅವರ ಮಕ್ಕಳಾದ 10 ವರ್ಷದ ಫಿಲಿಪ್ ಮತ್ತು 6 ವರ್ಷದ ತಿಮೊಥಿಯನ್ನು ಗುಂಪೊಂದು ಜೀವಂತ ಸುಟ್ಟಿತು. ಪತ್ನಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿರುವುದಾಗಿ ಬಹಿರಂಗವಾಗಿ ಹೇಳಿದರು. ಮಗಳು ಎಸ್ತರಳೊಂದಿಗೆ ಊರು ಬಿಟ್ಟು ಹೋಗದೆ ವರ್ಷಗಟ್ಟಲೆ ಅದೇ ರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹಾಗೆಂದು ಅಪರಾಧಿ ಬಿಡುಗಡೆಯಾಗಲಿಲ್ಲ. ಮುಖ್ಯ ಅಪರಾಧಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಕ್ಷಮೆ ಬೇರೆ, ಅಪರಾಧದ ಪರಿಣಾಮ ಬೇರೆ ಎಂಬುದು ಗ್ಲಾಡಿಸ್ ಅವರ ನಿಲುವಾಗಿತ್ತು. ತಪ್ಪನ್ನು ತಪ್ಪಲ್ಲವೆನ್ನುವುದು ಕ್ಷಮೆಯಲ್ಲ. ತಪ್ಪೆಂದು ಒಪ್ಪಿಕೊಂಡೇ, ಸೇಡನ್ನು ಮಾತ್ರ ತನ್ನ ಕೈಯಿಂದ ಕೆಳಗಿಡುವುದು ಕ್ಷಮೆ.

ಕೇರಳ ಮೂಲದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಬಡ ಕೃಷಿಕಾರ್ಮಿಕರ ಪರ ನಿಂತಿದ್ದರು. 1995ರ ಫೆಬ್ರವರಿ 25ರಂದು ಸಮಂದರ್ ಸಿಂಗ್ ಎಂಬಾತ ಅವರನ್ನು ಇರಿದು ಕೊಂದ. ಅವರ ತಂಗಿ ಸಿಸ್ಟರ್ ಸೆಲ್ಮಿ ಜೈಲಿಗೇ ಹೋಗಿ ಆತನ ಕೈಗೆ ರಾಖಿ ಕಟ್ಟಿದರು. ಮುಂದೆ ಆತ ಬಿಡುಗಡೆಯಾಗಿ ಆ ಕುಟುಂಬಕ್ಕೆ ಮಗನಂತಾದ.

ಒಂದು ಎಚ್ಚರ ಮಾತ್ರ ಅಗತ್ಯ. ಗ್ಲಾಡಿಸ್, ಸೆಲ್ಮಿ ಇಬ್ಬರೂ ತಾವಾಗಿ ಕ್ಷಮಿಸಿದವರು. ನೋವು ಕಾಣದವರು ನೊಂದವರಿಗೆ ಕ್ಷಮಿಸೆಂದು ಒತ್ತಾಯಿಸಿದರೆ ಅದು ಇನ್ನೊಂದು ಪೆಟ್ಟಾಗುತ್ತದೆ.

ಜಮಖಂಡಿಯಲ್ಲಾಗಲಿ, ಬೀಳಗಿಯಲ್ಲಾಗಲಿ, ರಬಕವಿ-ಬನಹಟ್ಟಿಯ ನೇಕಾರ ಓಣಿಗಳಲ್ಲಾಗಲಿ ಹೊಲದ ಬದುವಿಗೆ, ಮನೆಯ ಪಾಲಿಗೆ ಅಣ್ಣತಮ್ಮಂದಿರು ಮಾತು ಬಿಡುವುದುಂಟು. ಕೋರ್ಟಿನ ತಾರೀಖು ಅದರ ಪಾಡಿಗೆ ನಡೆಯಲಿ. ಆದರೆ ಅವನ ಮನೆ ಹಾಳಾಗಲೆಂದು ಬೇಡುತ್ತಿದ್ದ ನಾಲಗೆ, ಅವನ ಮಕ್ಕಳು ಚೆನ್ನಾಗಿರಲೆಂದು ಒಮ್ಮೆ ಬೇಡಲಿ. ಕೈಲಾಗದವರಿಂದ ಆಗುವ ಕೆಲಸ ಅದಲ್ಲ.