ಹಲ್ಲಿಗೂ ವಿಮೆ ಬೇಕೆ?

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಈಚೆಗೆ ಹಲ್ಲಿನ ಭಾರವನ್ನು ತಾವು ಹೊರುತ್ತೇವೆಂದು ವಿಮೆಯವರು ಮುಂದೆ ಬಂದಿದ್ದಾರೆ. ಆರೋಗ್ಯ ವಿಮೆಯ ಜೊತೆಗೆ ಇನ್ನಷ್ಟು ಕಂತು ಕಟ್ಟಿದರೆ ಹಲ್ಲಿನ ಖರ್ಚೂ ಸಿಗುತ್ತದಂತೆ. ಕಟ್ಟಬೇಕೆ, ಬೇಡವೆ? ಹಾಗೆ ಕಟ್ಟಿಯೂ ಒಂದು ದವಡೆಹಲ್ಲನ್ನು ಕಳೆದುಕೊಂಡವನು ನಾನು. ಎರಡು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸುತ್ತೇನೆ.

ಸಾವಿರ ಮನೆಗಳ ಊರಿನಲ್ಲಿ ಎಲ್ಲೋ ಒಂದಕ್ಕೆ ಬೆಂಕಿ ಬೀಳುತ್ತದೆ. ಎಲ್ಲರೂ ಅಷ್ಟಷ್ಟು ಹಾಕಿ ಆ ಒಬ್ಬನನ್ನು ಎತ್ತಿ ನಿಲ್ಲಿಸುವುದೇ ವಿಮೆ. ಹಲ್ಲಿನ ಹುಳುಕು ಹಾಗಲ್ಲ. ಅದು ಮೆಲ್ಲಗೆ ಬರುತ್ತದೆ, ಹೆಚ್ಚುಕಡಿಮೆ ಎಲ್ಲರ ಮನೆಗೂ ಬರುತ್ತದೆ. ಎಲ್ಲರಿಗೂ ಬರುವ ಖರ್ಚನ್ನು ಎಲ್ಲರೂ ಹಂಚಿಕೊಂಡರೆ ಅವರವರ ಖರ್ಚು ಅವರವರಿಗೇ ಬರುತ್ತದೆ. ಅದರ ಮೇಲೆ ಕಂಪನಿಯ ವೆಚ್ಚ ಬೇರೆ. ಆದ್ದರಿಂದಲೇ ವಿಮೆಯವರು ಹಲ್ಲಿಗೆ ವರ್ಷಕ್ಕಿಷ್ಟೇ ಎಂಬ ಮಿತಿ ಹಾಕುತ್ತಾರೆ, ಸೇರಿದೊಡನೆ ಕೊಡದೆ ಕಾಯಿಸುತ್ತಾರೆ.

ನಮ್ಮ ದೇಶದ ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯಲ್ಲಿ ಮಲಗಿದವರಿಗೆ. ದಂತವೈದ್ಯರ ಕುರ್ಚಿಯಲ್ಲಿ ಕೂತು ಎದ್ದು ಬಂದವರಿಗೆ ಅದರಲ್ಲಿ ಸಾಮಾನ್ಯವಾಗಿ ಕಾಸಿಲ್ಲ. ಅಪಘಾತದಲ್ಲಿ ದವಡೆ ಮುರಿದು ಆಸ್ಪತ್ರೆ ಸೇರಿದರೆ ಮಾತು ಬೇರೆ. 2020ರಲ್ಲಿ ಬಂದ 'ಆರೋಗ್ಯ ಸಂಜೀವಿನಿ' ಎಂಬ ಮಾದರಿ ವಿಮೆಯಲ್ಲಿ ರೋಗದಿಂದ ಬೇಕಾದ ದಂತಚಿಕಿತ್ಸೆಯೂ ಸೇರಿದೆ, ಆದರೆ ಅಲ್ಲಿಯೂ ಆಸ್ಪತ್ರೆಗೆ ದಾಖಲಾಗಬೇಕು. ಹುಳುಕು ತುಂಬಿಸಿದ್ದು, ಬೇರಿನ ಚಿಕಿತ್ಸೆ, ಕ್ಯಾಪು ಇವಕ್ಕೆ ಹೊರರೋಗಿ ಸೌಲಭ್ಯವನ್ನು ಬೇರೆಯಾಗಿ ಕೊಳ್ಳಬೇಕು.

ನಾನು ಕೊಂಡಿದ್ದೆ. ನಾಲ್ಕು ತಿಂಗಳಾಗಿತ್ತು; ಒಂದು ವರ್ಷ ಕಾಯಬೇಕೆಂದು ಕರಾರು. ಆಗ ಎಡದವಡೆ ತಣ್ಣೀರಿಗೆ ಜುಮ್ಮೆಂದಿತು. "ಸಣ್ಣ ತೂತು, ಇವತ್ತೇ ತುಂಬಿಸಿಬಿಡೋಣ" ಎಂದರು ವೈದ್ಯರು. ಖರ್ಚು ಸಾವಿರ ರೂಪಾಯಿಯೊಳಗೆ. ನಾನು ಬುದ್ಧಿವಂತ! ಇನ್ನೆಂಟು ತಿಂಗಳು ತಡೆದರೆ ಕಂಪನಿಯ ದುಡ್ಡು ಎಂದು ಲೆಕ್ಕ ಹಾಕಿ ಎದ್ದು ಬಂದೆ. "ಹಲ್ಲಿಗೂ ಮುಹೂರ್ತ ನೋಡ್ತೀರಾ?" ಎಂದಳು ನನ್ನಾಕೆ. ಲವಂಗದೆಣ್ಣೆಯಲ್ಲಿ ಐದು ತಿಂಗಳು ನೂಕಿದೆ. ತಂಗಿಯ ಮಗಳ ಮದುವೆಯ ದಿನ ಕೆನ್ನೆ ಊದಿಕೊಂಡಿತು. ಎಲ್ಲರೂ ಹೋಳಿಗೆ ಮೆಲ್ಲುತ್ತಿರುವಾಗ ನಾನು ಮಜ್ಜಿಗೆ ಕುಡಿದೆ. ಕೀವು ಬೇರಿಗಿಳಿದು ಹಲ್ಲು ಸೀಳಿತ್ತು, ಕೀಳದೆ ಗತಿಯಿರಲಿಲ್ಲ. ಅವಧಿ ತುಂಬಿರಲಿಲ್ಲವಾಗಿ ವಿಮೆಯಿಂದ ಒಂದು ಕಾಸೂ ಬರಲಿಲ್ಲ. ಕರಾರಿನಲ್ಲಿ ಹಾಗೆಯೇ ಬರೆದಿತ್ತು. ಓದದ ತಪ್ಪಲ್ಲ, ಓದಿಯೂ ಹಲ್ಲನ್ನು ಕಾಯಿಸಿದ ತಪ್ಪು.

ಹಾಗೆಂದು ಎಲ್ಲರಿಗೂ ಬೇಡವೆನ್ನಲಾರೆ. 1954ರಲ್ಲಿ ಅಮೆರಿಕದ ಪಶ್ಚಿಮ ತೀರದ ಬಂದರು ಕಾರ್ಮಿಕರ ಸಂಘ ತನ್ನವರ ಮಕ್ಕಳ ಹಲ್ಲುಗಳಿಗಾಗಿ ಇಂಥ ಯೋಜನೆಯೊಂದನ್ನು ಪಡೆಯಿತು. ಖರ್ಚು ಮಾಲಿಕರ ಹಣದ ಕ್ಷೇಮನಿಧಿಯದು. ನಿಮ್ಮ ಕಛೇರಿಯೂ ಹಾಗೆ ಕಟ್ಟುವುದಾದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಕೈಯಿಂದ ಕಟ್ಟುವುದಾದರೆ ಕಳೆದ ಮೂರು ವರ್ಷದ ಹಲ್ಲಿನ ಖರ್ಚನ್ನು ಒಂದು ಚೀಟಿಯಲ್ಲಿ ಬರೆಯಿರಿ. ಕಂತು 3000, ಮಿತಿ 5000, ಕೊಡುವುದು ಅರ್ಧ ಎಂದಿಟ್ಟುಕೊಳ್ಳಿ. ಮಿತಿಯಷ್ಟೂ ಕೈಗೆ ಬರಲು ನೀವು 10,000 ರೂಪಾಯಿಯ ಚಿಕಿತ್ಸೆ ಮಾಡಿಸಬೇಕು! ಬರಿಯ ಶುಚಿ ಮಾಡಿಸಿ ಒಂದು ಹುಳುಕು ತುಂಬಿಸಿದ ವರ್ಷ ನಷ್ಟವೇ. ಪತ್ರ ಕೈಸೇರಿದ ಮೇಲೂ ಓದಿ ನೋಡಿ ಹಿಂದಿರುಗಿಸಲು 30 ದಿನ ಅವಕಾಶವಿದೆ. 2024ರ ಮೊದಲು ಹದಿನೈದೇ ದಿನವಿತ್ತು. ದೊಡ್ಡ ಕೆಲಸವಿದ್ದು ಕೈ ಬಿಗಿಯಿದ್ದವರು ದಂತವೈದ್ಯ ಕಾಲೇಜುಗಳ ಆಸ್ಪತ್ರೆಯನ್ನು ವಿಚಾರಿಸಬಹುದು. ಬೆಂಗಳೂರಿನ ಕೋಟೆಯ ಬಳಿ ಸರ್ಕಾರದ್ದೇ ಇದೆ. ಹೊತ್ತು ಹಿಡಿಯುತ್ತದೆ, ದುಡ್ಡು ಕಡಿಮೆ.

ನಾನು ಆಸ್ಪತ್ರೆಯ ವಿಮೆಯನ್ನು ಉಳಿಸಿಕೊಂಡು ಹಲ್ಲಿನದನ್ನು ಬಿಟ್ಟೆ. ಆ ಕಂತಿನ ದುಡ್ಡು, ತಿಂಗಳಿಗೆ ಇನ್ನೂರೈವತ್ತು, ಈಗ ನನ್ನಾಕೆಯ ಸಾಸಿವೆ ಡಬ್ಬಿಯ ಪಕ್ಕದ ಡಬ್ಬಿಗೆ ಬೀಳುತ್ತದೆ. ಅದರಲ್ಲಿ 1,750 ಆಗಿದೆ. ಬಲದವಡೆಯಲ್ಲೊಂದು ಕಪ್ಪುಚುಕ್ಕೆ ಕಂಡಿದೆಯಂತೆ. ಶನಿವಾರ ತುಂಬಿಸಿಕೊಳ್ಳಲು ಹೋಗುತ್ತಿದ್ದೇನೆ.